ಕಾರಿನ ಎ.ಸಿ. ಕಂಪ್ರೆಸರ್ ಬದಲಿಸುವ ಆನ್‌ಲೈನ್ ಕಿಟ್: ಪಂಪ್ ಸೈ, ಉಳಿದದ್ದು ನೋಡಿ ತಗೊಳ್ಳಿ

ಕಾಲು ಎಚ್.ಪಿ. ಸಿಂಗಲ್ ಸ್ಟೇಜ್ ವ್ಯಾಕ್ಯೂಮ್ ಪಂಪ್, ಗೇಜ್ ಸೆಟ್, ಕೆಂಪು-ನೀಲಿ ಕಪ್ಲರ್, ಕ್ಯಾನ್ ಟ್ಯಾಪ್, ಒಂದು ಡಬ್ಬಿ ಓ-ರಿಂಗ್. ಮನೆಯಲ್ಲೇ ಕಂಪ್ರೆಸರ್ ಬದಲಿಸುವವರಿಗೆ ಆನ್‌ಲೈನ್‌ನಲ್ಲಿ ಸಿಗುವ ಕಿಟ್ ಹೆಚ್ಚುಕಡಿಮೆ ಇಷ್ಟೇ. ಎ.ಸಿ. ಸಿಸ್ಟಂ ಒಳಗಿನ ಗಾಳಿ, ತೇವ ಎಳೆದು ತೆಗೆಯುವ ಈ ಪಂಪ್ ಕೊಟ್ಟ ಕಾಸಿಗೆ ಮೋಸವಿಲ್ಲ.

"ಗೇಜಿನ ಮುಳ್ಳು 29 ಇಂಚಿಗೆ (ಪಾದರಸದ ಲೆಕ್ಕ) ಹೋಗಲ್ಲ" ಅಂತ ಪಂಪನ್ನೇ ವಾಪಸ್ ಕಳಿಸುವವರಿದ್ದಾರೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡವೇ 28 ಇಂಚಿನ ಆಸುಪಾಸು. ಪೂರ್ತಿ ವ್ಯಾಕ್ಯೂಮ್ ಆದರೂ ಮುಳ್ಳು ಅಲ್ಲೇ ನಿಲ್ಲುತ್ತದೆ, ಚಿತ್ರದುರ್ಗದಲ್ಲಿ ಇನ್ನೂ ಸ್ವಲ್ಪ ಕೆಳಗೆ. ನೋಡಬೇಕಾದ್ದು ಬೇರೆ: ಅರ್ಧ ಗಂಟೆ ಎಳೆಸಿ, ಗೇಜಿನ ಎರಡೂ ವಾಲ್ವ್ ಮುಚ್ಚಿ, ಪಂಪ್ ಆಫ್ ಮಾಡಿ ಮತ್ತೆ ಅರ್ಧ ಗಂಟೆ ಬಿಡಿ. ಮುಳ್ಳು ಅಲುಗದಿದ್ದರೆ ದೊಡ್ಡ ಲೀಕ್ ಇಲ್ಲ. ಮಳೆಗಾಲದಲ್ಲಿ ಒಂದು ಗಂಟೆ ಎಳೆಸುವುದು ಒಳ್ಳೆಯದು. ಒಂದೇ ಎಚ್ಚರಿಕೆ, ಈ ಅಗ್ಗದ ಪಂಪುಗಳಲ್ಲಿ ಹಿಮ್ಮುಖ ಹರಿವು ತಡೆಯುವ ಚೆಕ್ ವಾಲ್ವ್ ಇರುವುದು ಅಪರೂಪ. ನಡುವೆ ಕರೆಂಟ್ ಹೋದರೆ ಪಂಪಿನ ಆಯಿಲ್ ಹೋಸ್‌ನೊಳಗೆ ಏರುತ್ತದೆ. ಪಕ್ಕದಲ್ಲೇ ನಿಂತು ತಕ್ಷಣ ವಾಲ್ವ್ ಮುಚ್ಚಿ, ಇಲ್ಲವೇ ಇನ್ವರ್ಟರ್ ಪ್ಲಗ್ಗಿಗೆ ಹಾಕಿ.

ಗೇಜ್ ಸೆಟ್ ಪರವಾಗಿಲ್ಲ. ಆದರೆ ಗೇಜ್ ನೋಡಿ ಗ್ಯಾಸ್ ತುಂಬುವ ಪದ್ಧತಿ ಬಿಡಿ. ಸಿಸ್ಟಂನಲ್ಲಿ ದ್ರವ ಗ್ಯಾಸ್ ಸ್ವಲ್ಪ ಇದ್ದರೂ ಜಾಸ್ತಿ ಇದ್ದರೂ ನಿಂತ ಗಾಡಿಯಲ್ಲಿ ಒತ್ತಡ ಒಂದೇ. 35 ಡಿಗ್ರಿಗೆ ಆರ್-134ಎ (ಬಹಳಷ್ಟು ಕಾರುಗಳ ಎ.ಸಿ. ಗ್ಯಾಸ್) ಸುಮಾರು 115 ಪಿಎಸ್‌ಐ ತೋರಿಸುತ್ತದೆ. ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಎಷ್ಟು ಗ್ರಾಂ ಎಂದಿದೆಯೋ ಅಷ್ಟನ್ನೇ ತೂಕ ಮಾಡಿ ಹಾಕಿ. ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಸಾಕು. ಎಂಜಿನ್ ಓಡುವಾಗ ಹೆಚ್ಚು ಒತ್ತಡದ ಕಡೆಯ ಕೆಂಪು ವಾಲ್ವ್ ತೆರೆದರೆ ಕ್ಯಾನ್ ಒಡೆಯಬಹುದು. ಆಗ ತುಂಬುವುದು ಕಡಿಮೆ ಒತ್ತಡದ ನೀಲಿ ಕಡೆಯಿಂದ ಮಾತ್ರ, ಕ್ಯಾನ್ ನೆಟ್ಟಗೆ ಹಿಡಿದು.

ಓ-ರಿಂಗ್ ಡಬ್ಬಿಗೆ ದುಡ್ಡು ದಂಡ. ಬಹಳಷ್ಟು ಗಾಡಿಗಳಲ್ಲಿ ಕಂಪ್ರೆಸರ್‌ನ ಪೈಪ್ ಬ್ಲಾಕಿಗೆ ಲೋಹದ ಅಂಚಿನ ಸೀಲ್ ವಾಷರ್ ಬೇಕು, ಅದು ಡಬ್ಬಿಯಲ್ಲಿ ಇರುವುದಿಲ್ಲ. ಗಾಡಿ ನಂಬರ್ ಹೇಳಿ ಒರಿಜಿನಲ್ಲೇ ತನ್ನಿ. ಕೂರಿಸುವಾಗ ಗ್ರೀಸ್ ಬೇಡ, ಕಂಪ್ರೆಸರ್ ಆಯಿಲ್ ಸವರಿ.

ಕಿಟ್ ಹೇಳದ ಮಾತು ಆಯಿಲ್ ಲೆಕ್ಕ. ಹಳೆ ಕಂಪ್ರೆಸರ್ ಬೋರಲು ಹಾಕಿ ಬಂದದ್ದನ್ನು ಅಳೆಯಿರಿ. 40 ಮಿ.ಲೀ. ಬಂದರೆ ಹೊಸದರಲ್ಲೂ 40, ತೇವ ಹೀರುವ ಡ್ರೈಯರ್ ಬದಲಿಸಿದ್ದಕ್ಕೆ ಇನ್ನೊಂದು 10. ಹೊಸ ಕಂಪ್ರೆಸರ್ ಹಲವು ಬಾರಿ ಇಡೀ ಸಿಸ್ಟಂಗೆ ಬೇಕಾದಷ್ಟು ಆಯಿಲ್ ಸಮೇತ ಬರುತ್ತದೆ. ಹೆಚ್ಚಿನದನ್ನು ಹೊರಗೆ ಸುರಿಯದಿದ್ದರೆ ಎ.ಸಿ. ಸರಿಯಾಗಿ ತಣ್ಣಗಾಗುವುದಿಲ್ಲ. ಬಂದ ಆಯಿಲ್ ಕಪ್ಪಾಗಿ, ಬೆಳ್ಳಿ ಪುಡಿ ಮಿನುಗಿದರೆ ಕಂಪ್ರೆಸರ್ ಒಂದನ್ನೇ ಬದಲಿಸುವುದು ದಂಡ. ಆ ಪುಡಿ ಕಂಡೆನ್ಸರ್‌ನಲ್ಲಿ (ಗಾಡಿಯ ಮುಂಭಾಗದಲ್ಲಿ ಗ್ಯಾಸ್ ತಣಿಸುವ ಜಾಲರಿ) ಕೂತಿರುತ್ತದೆ, ಈಗಿನ ಸಣ್ಣ ನಾಳದ ಕಂಡೆನ್ಸರ್ ಫ್ಲಶ್‌ಗೆ ಶುಚಿಯಾಗುವುದಿಲ್ಲ. ಅದನ್ನೂ ಎಕ್ಸ್‌ಪ್ಯಾನ್ಷನ್ ವಾಲ್ವನ್ನೂ ಹೊಸದು ಹಾಕಿ. ಬೆಲ್ಟ್ ಏರಿಸುವ ಮೊದಲು ಕಂಪ್ರೆಸರ್‌ನ ಮುಂದಿನ ಹಬ್ ಕೈಯಲ್ಲೇ ಹತ್ತು ಸುತ್ತು ತಿರುಗಿಸುವುದು ಮರೆಯಬೇಡಿ, ಹಾಗೆ ಮಾಡದೆ ಓಡಿಸಿದರೆ, ಒಳಗೆ ದ್ರವ ಸಿಕ್ಕಿಕೊಂಡಿದ್ದಲ್ಲಿ ಕಂಪ್ರೆಸರ್‌ನ ವಾಲ್ವ್ ಮುರಿಯಬಹುದು.

ಹಳೆ ಗ್ಯಾಸ್ ತೆಗೆಯುವ ಮೆಷಿನ್ ಈ ಕಿಟ್‌ನಲ್ಲಿಲ್ಲ. ಗಾಳಿಗೆ ಬಿಡಬೇಡಿ, ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಿಸಿ ಹಿಡಿಯುವ ಅನಿಲ ಅದು. ಬಿಚ್ಚುವ ಮೊದಲು ರಿಕವರಿ ಮೆಷಿನ್ ಇರುವ ಗ್ಯಾರೇಜಿನಲ್ಲಿ ಎಳೆಸಿಕೊಂಡು ಬನ್ನಿ; "ಮೆಷಿನ್ ಇದೆಯಾ?" ಅಂತ ಮೊದಲೇ ಕೇಳಿ. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಯವರು ಈ ಕಿಟ್ ತಗೊಳ್ಳಲೇಬೇಡಿ. ಅಲ್ಲಿನ ಕಂಪ್ರೆಸರ್‌ಗೆ ಹೈ ವೋಲ್ಟೇಜ್ ಹರಿಯುತ್ತದೆ, ಬೆಲ್ಟ್ ಕಂಪ್ರೆಸರ್‌ಗೆ ಹಾಕುವ ಮಾಮೂಲಿ ಪ್ಯಾಗ್ ಆಯಿಲ್ ಒಳಗೆ ಹೋದರೆ ಇನ್ಸುಲೇಷನ್ ಕೆಡುತ್ತದೆ.