ಚರ್ಚಿಗೆ ಬೆಳ್ಳಿ ಪಾತ್ರೆ ಕೊಳ್ಳುವವರೇ, ದಯವಿಟ್ಟು ಇದನ್ನು ಓದಿ

ತೀರ್ಥಹಳ್ಳಿ ಕಡೆಯ ನಮ್ಮ ಸಣ್ಣ ಚರ್ಚಿಗೆ ಹೋದ ಮಳೆಗಾಲದಲ್ಲಿ ಕಳ್ಳರು ನುಗ್ಗಿದರು. ಕರೆಂಟ್ ಇರಲಿಲ್ಲ. ಹೆಂಚಿನ ಮೇಲೆ ಸುರಿಯುವ ಮಳೆಯಲ್ಲಿ ಹಿಂಬಾಗಿಲ ಚಿಲಕ ಮೀಟಿದ ಸದ್ದು ಯಾರಿಗೂ ಕೇಳಲಿಲ್ಲ. ಪೂಜೆಯಲ್ಲಿ ದ್ರಾಕ್ಷಾರಸ ಹಾಕುವ ಪಾನಪಾತ್ರೆ, ಪರಮಪ್ರಸಾದ (ಯೇಸುವಿನ ದೇಹವೆಂದು ನಂಬಿ ನಾವು ಸ್ವೀಕರಿಸುವ ರೊಟ್ಟಿ) ಇಡುವ ಬೆಳ್ಳಿ ಪಾತ್ರೆ, ಧೂಪದ ಪಾತ್ರೆ ಎಲ್ಲಾ ಹೋಯಿತು. ಪರಮಪ್ರಸಾದವನ್ನು ನೆಲಕ್ಕೆ ಸುರಿದು ಪಾತ್ರೆ ಮಾತ್ರ ಒಯ್ದಿದ್ದರು. ಬೆಳಿಗ್ಗೆ ಫಾದರ್ ಮಂಡಿಯೂರಿ ಒಂದೊಂದನ್ನೇ ಆರಿಸುತ್ತಿದ್ದರು. ನಮಗೆ ಮಾತೇ ಹೊರಡಲಿಲ್ಲ.

ಪೊಲೀಸರು ಮೊದಲು ಕೇಳಿದ್ದು ಎರಡೇ. ಫೋಟೋ ಇದೆಯಾ? ತೂಕ ಎಷ್ಟು? ಎರಡೂ ಇರಲಿಲ್ಲ. ಕೊನೆಗೆ ಯಾರದೋ ಮದುವೆ ಆಲ್ಬಮ್‌ನಲ್ಲಿ ಫಾದರ್ ಪಾನಪಾತ್ರೆ ಎತ್ತಿ ಹಿಡಿದ ಒಂದು ಮಸುಕು ಫೋಟೋ ಸಿಕ್ಕಿತು. ಅದನ್ನೇ ಕೊಟ್ಟೆವು.

ಕ್ರಿಸ್‌ಮಸ್‌ಗೆ ಹೊಸದು ಬೇಕೇ ಬೇಕು ಅಂತ ಎಲ್ಲರಿಗೂ ಅವಸರ. ಅಡಿಕೆ ಕೊಯ್ಲಿನ ಕೂಲಿಯಿಂದ ಹಿಡಿದು ಪಿಂಚಣಿ ದುಡ್ಡಿನವರೆಗೆ ಜನ ತಂದು ಕೊಟ್ಟರು. ಒಬ್ಬ ಅಜ್ಜಿ ತೀರಿಹೋದ ಗಂಡನ ಬೆಳ್ಳಿ ಸುಣ್ಣದ ಡಬ್ಬಿ ತಂದರು. ಮುಚ್ಚಳದ ಸಂದಿಯಲ್ಲಿ ಒಣಗಿದ ಸುಣ್ಣ ಇನ್ನೂ ಇತ್ತು. ‘ಇದನ್ನೂ ಕರಗಿಸಿ ಸೇರಿಸಿ ಮಗ’ ಅಂದರು.

ಚರ್ಚ್ ಸಾಮಾನು ಮಾರುವ ಒಬ್ಬ ವ್ಯಾಪಾರಿ ಮನೆ ಬಾಗಿಲಿಗೇ ಬಂದ. ಶುದ್ಧ ಬೆಳ್ಳಿ, ಒಳಗೆ ಚಿನ್ನದ ಲೇಪ ಅಂದ. ಹಳೆ ಬೆಳ್ಳಿಯನ್ನೂ ಲೆಕ್ಕಕ್ಕೆ ತಗೊಂಡ. ನಾವು ಅದನ್ನು ತೂಗಿಸಲೂ ಇಲ್ಲ. ಬಿಲ್ಲಿನಲ್ಲಿ ಬರೆದದ್ದು ‘ಚರ್ಚ್ ಸಾಮಾನು, 1 ಸೆಟ್’ ಅಂತ ಅಷ್ಟೇ.

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಬರುವ ಹೊತ್ತಿಗೆ ಪಾನಪಾತ್ರೆಯ ಒಳಗೆ ಹಸಿರು ಕಿಲುಬು ಕಂಡಿತು. ಪರೀಕ್ಷೆ ಮಾಡಿಸಿದರೆ ಹಿತ್ತಾಳೆ. ಮೇಲೆ ಗಿಲೀಟು. ದ್ರಾಕ್ಷಾರಸ ಹುಳಿ ಅಲ್ವಾ, ತೆಳು ಲೇಪ ಎಷ್ಟು ದಿನ ತಡೆದೀತು? ತುಕ್ಕು ಹಿಡಿಯುವ ಲೋಹದ ಪಾತ್ರೆಯ ಒಳಭಾಗಕ್ಕೆ ಚಿನ್ನದ ಲೇಪ ಇರಬೇಕು ಅಂತ ಪೂಜಾವಿಧಿಯ ನಿಯಮವೇ ಇದೆ. ವ್ಯಾಪಾರಿ ಈಗ ಫೋನ್ ಎತ್ತುವುದಿಲ್ಲ.

ಚಿನ್ನಕ್ಕಿರುವ ಹಾಗೆ ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯ ಅಲ್ಲ. ಅದು ನಮಗೆ ಗೊತ್ತಿರಲಿಲ್ಲ. ಆದರೂ ಕೇಳಿ ಪಡೆಯಬಹುದು. ಬೆಳ್ಳಿಗೆ 925 ಅಂತ ಗುರುತಿದ್ದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ. ಆದರೆ ಬರೀ ಆ ಅಂಕಿಯನ್ನು ನಂಬಬೇಡಿ, ಯಾರು ಬೇಕಾದರೂ ಕೊರೆಯಬಹುದು. ಹಾಲ್‌ಮಾರ್ಕ್ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಯೇ ಪೂರ್ತಿ ದುಡ್ಡು ಕೊಡಿ. ಬಿಲ್ಲಿನಲ್ಲಿ ಲೋಹ, ತೂಕ, ಶುದ್ಧತೆ ಬೇರೆ ಬೇರೆ ಬರೆಸಿ. ಜನ ಕೊಟ್ಟ ಹಳೆ ಬೆಳ್ಳಿಯನ್ನು ಅವರ ಎದುರೇ ತೂಗಿ ರಸೀದಿ ಕೊಡಿ.

ಇನ್ನೊಂದು ಮಾತು. ನಮ್ಮ ಕಥೆ ಕೇಳಿ ಇನ್ನೊಬ್ಬ ಹಳೆ ಪಾನಪಾತ್ರೆ ಹಿಡಿದು ಬಂದಿದ್ದ, ಬಹಳ ಕಡಿಮೆ ಬೆಲೆಗೆ. ಬುಡ ತಿರುಗಿಸಿ ನೋಡಿದೆ. ಅಕ್ಷರ ಇದ್ದ ಜಾಗವನ್ನು ಅರದಿಂದ ಉಜ್ಜಿದ್ದರು, ಆ ಜಾಗ ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಬೇರೆ ಯಾವುದೋ ಚರ್ಚಿನದ್ದು ಇರಬೇಕು. ಕದ್ದ ಮಾಲು ಅಂತ ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು. ಅದಕ್ಕಿಂತ ಹೆಚ್ಚಾಗಿ, ಇನ್ನೊಂದು ಊರಿನ ಜನರ ಕಣ್ಣೀರನ್ನು ನಾವು ಪೂಜೆಗೆ ಇಡುವುದು ಹೇಗೆ? ಪೊಲೀಸರಿಗೆ ಫೋನ್ ಮಾಡುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ಸದ್ಯ ಪಕ್ಕದ ಚರ್ಚಿನವರು ಕೊಟ್ಟ ಪಾನಪಾತ್ರೆಯಲ್ಲಿ ಬಲಿಪೂಜೆ, ಅಂದರೆ ರೊಟ್ಟಿ ದ್ರಾಕ್ಷಾರಸ ಅರ್ಪಿಸುವ ನಮ್ಮ ಪೂಜೆ, ನಡೆಯುತ್ತಿದೆ. ಅದು ಬಂದ ದಿನವೇ ತೂಗಿಸಿ, ಬುಡದ್ದೂ ಸೇರಿಸಿ ನಾಲ್ಕು ಕಡೆಯಿಂದ ಫೋಟೋ ತೆಗೆದು ಇಟ್ಟಿದ್ದೇವೆ. ಅಜ್ಜಿಗೆ ಸುಣ್ಣದ ಡಬ್ಬಿಯ ವಿಷಯ ಹೇಳುವುದು ಇನ್ನೂ ಬಾಕಿ ಇದೆ.