ಜಿಮ್ನಿಗೆ ಎ/ಟಿ ಟೈರ್: ಎರಡು ಮಳೆಗಾಲ, 26,000 ಕಿಲೋಮೀಟರ್ ಆದಮೇಲೆ

ನಮ್ಮದು ಸಕಲೇಶಪುರದ ಹತ್ತಿರ ಕಾಫಿ ತೋಟ. ಡಾಂಬರು ಮುಗಿದ ಮೇಲೆ ಮನೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಹಳ್ಳ ದಾಟಿದ ಕೂಡಲೇ ಒಂದು ಏರು ಇದೆ. ನಾನು ಮಾರುತಿಯ ಫೋರ್‌ವೀಲ್ ಡ್ರೈವ್ ಗಾಡಿ ಜಿಮ್ನಿ ತಗೊಂಡಿದ್ದೇ ಆ ಏರಿಗಾಗಿ.

2024ರ ಜೂನ್‌ನಲ್ಲಿ, ಹಿಂದೆ ಎರಡು ಮೂಟೆ ಗೊಬ್ಬರ ಹಾಕಿಕೊಂಡು ಹತ್ತುವಾಗ ಗಾಡಿ ಅರ್ಧಕ್ಕೇ ನಿಂತಿತು. 4ಎಲ್ ಹಾಕಿದ್ದೆ, ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನದ, ಜಾಸ್ತಿ ಬಲದ ಗೇರು. ನಾಲ್ಕೂ ಚಕ್ರ ತಿರುಗುತ್ತಿದ್ದವು, ಗಾಡಿ ಮಾತ್ರ ಮೆಲ್ಲಗೆ ಹಿಂದಕ್ಕೆ ಜಾರಿ ಚರಂಡಿಗೆ ಒರಗಿತು. ಇಳಿದು ನೋಡಿದರೆ ಟೈರಿನ ಗೀರುಗಳಲ್ಲೆಲ್ಲ ಕೆಮ್ಮಣ್ಣು ತುಂಬಿ, ಚಕ್ರ ಹೊಸ ಮಡಕೆ ಹಾಗೆ ನುಣ್ಣಗಾಗಿತ್ತು. ಗಾಡಿ ಜೊತೆ ಬರುವುದು ಎಚ್/ಟಿ ಟೈರ್, ಅಂದರೆ ಹೈವೇಗೆ ಮಾಡಿದ್ದು. ಡಾಂಬರಿನಲ್ಲಿ ಅದು ಚೆನ್ನಾಗೇ ಇತ್ತು. ಕೆಸರು ಅದರ ಕೆಲಸ ಅಲ್ಲ, ಅಷ್ಟೇ.

ಅದೇ ವಾರ ಹೊಸ ಟೈರ್ ಹುಡುಕಲು ಹೊರಟೆ. ಅಂಗಡಿಯವರು ಮೊದಲು ತೋರಿಸಿದ್ದು ದೊಡ್ಡ ಬಟನ್ ಇರುವ ಎಂ/ಟಿ ಟೈರ್, ಅಂದರೆ ಕೆಸರಿಗೇ ಮಾಡಿದ್ದು, ಅದಕ್ಕೆ ಹೊರಗೆ ಚಾಚಿಕೊಳ್ಳುವ ಅಗಲದ ಅಲಾಯ್ ವೀಲ್. ನೋಡಲು ಭರ್ಜರಿ. ಆದರೆ ನನ್ನ ಓಟದಲ್ಲಿ ಮುಕ್ಕಾಲು ಪಾಲು ಡಾಂಬರು. ಹಾಸನಕ್ಕೆ ವಾರಕ್ಕೆರಡು ಸಲ ಹೋಗಬೇಕು, ತಿಂಗಳಿಗೊಮ್ಮೆ ಶಿರಾಡಿ ಇಳಿದು ಮಂಗಳೂರಿಗೂ. ಎಂ/ಟಿ ಟೈರ್ ಡಾಂಬರಿನಲ್ಲಿ ಜಾಸ್ತಿ ಸದ್ದು ಮಾಡುತ್ತೆ, ಬೇಗ ಸವೆಯುತ್ತೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಅಷ್ಟು ನಂಬಿಕೆ ಬರುವುದಿಲ್ಲ. ಹಾಗಾಗಿ ಎರಡರ ನಡುವಿನ ಎ/ಟಿ, ಅಂದರೆ ಎಲ್ಲ ತರದ ನೆಲಕ್ಕೂ ಆಗುವ ಟೈರ್ ಸಾಕು ಅಂದುಕೊಂಡೆ.

ಅಳತೆ ಬಗ್ಗೆ ಸ್ವಲ್ಪ ಹೇಳಲೇಬೇಕು. ಕಂಪನಿ ಅಳತೆ 195/80 ಆರ್15. ಅಂದರೆ ಅಗಲ 195 ಮಿ.ಮೀ., ಪಕ್ಕೆಯ ಎತ್ತರ ಅಗಲದ ನೂರಕ್ಕೆ 80, ಒಳಗಿನ ಚಕ್ರ 15 ಇಂಚು. ನಾನು ಹಾಕಿಸಿದ್ದು 215/75 ಆರ್15. ಲೆಕ್ಕ ಹಾಕಿದರೆ ಟೈರಿನ ಒಟ್ಟು ಎತ್ತರ ಸುಮಾರು 693 ಮಿ.ಮೀ.ಯಿಂದ 703ಕ್ಕೆ ಏರುತ್ತದೆ. ಗಾಡಿ ಮೇಲೇಳುವುದು ಅದರ ಅರ್ಧ, ಬರೀ 5 ಮಿ.ಮೀ. ಸ್ಪೀಡೋಮೀಟರ್ ವ್ಯತ್ಯಾಸ ನೂರಕ್ಕೆ ಒಂದೂವರೆ. ಇದಕ್ಕಿಂತ ಅಗಲ ಬೇಕು ಅನ್ನಿಸಲಿಲ್ಲ. ಅಪ್ಪನ ಹಳೇ ಜೀಪಿಗೆ ಇದ್ದದ್ದು 6.00-16ರ ಕಿರಿದಾದ ಟೈರ್. ಮಳೆಗಾಲದಲ್ಲಿ ಚೈನ್ ಕಟ್ಟಿ ಇದೇ ಏರು ಹತ್ತಿಸುತ್ತಿದ್ದರು. "ಟೈರ್ ಕೆಸರನ್ನು ಕೊಯ್ದುಕೊಂಡು ಹೋಗಿ ಕೆಳಗಿನ ಗಟ್ಟಿ ನೆಲ ಹಿಡಿಯಬೇಕು ಕಣೋ, ತೇಲಬಾರದು" ಅನ್ನುತ್ತಿದ್ದರು. ನಮ್ಮ ಕಡೆ ಮೇಲೆ ಒಂದು ಗೇಣು ಕೆಸರು, ಕೆಳಗೆ ಗಟ್ಟಿ ಜಂಬಿಟ್ಟಿಗೆ ಕಲ್ಲು. ಅಲ್ಲಿ ಆ ಮಾತು ಪೂರ್ತಿ ನಿಜ.

ಟೈರ್ ಕೂರುವ ಡಿಸ್ಕ್ ಬದಲಾಯಿಸಲೇ ಇಲ್ಲ. ನಂದು ಜಿಮ್ನಿಯ ಝೀಟಾ ಮಾದರಿ, ಅದರಲ್ಲಿ ಬರುವುದೇ ಸ್ಟೀಲ್ ಡಿಸ್ಕ್. ಐದೂವರೆ ಇಂಚು ಅಗಲದ ಆ ಡಿಸ್ಕಿಗೆ 215 ಸರಿಯಾಗಿ ಕೂರುತ್ತದೆ. ಸ್ಟೀಲ್ ಕಲ್ಲಿಗೆ ಬಡಿದರೆ ಬಗ್ಗುತ್ತೆ, ಬಡಿದು ಸರಿಮಾಡಬಹುದು. ಅಲಾಯ್ ಸೀಳಿದರೆ ಮುಗಿಯಿತು. ಹೊರಗೆ ಚಾಚಿದ ವೀಲ್ ಹಾಕಿದರೆ ಬೇರಿಂಗ್ ಮೇಲೆ ಭಾರ ಹೆಚ್ಚು, ಕೆಸರೆಲ್ಲ ಬಾಗಿಲಿಗೆ ಎರಚುತ್ತೆ. ಅಲಾಯ್‌ಗೆ ಕೊಡಬೇಕಿದ್ದ ದುಡ್ಡಿನಲ್ಲಿ ಐದನೇ ಟೈರ್ ತಗೊಂಡೆ. ಜಿಮ್ನಿಯಲ್ಲಿ ಫೋರ್‌ವೀಲ್ ಹಾಕಿದಾಗ ಮುಂದಿನ ಹಿಂದಿನ ಆಕ್ಸಲ್ ಒಂದೇ ವೇಗದಲ್ಲಿ ತಿರುಗುತ್ತವೆ, ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ನಡುವೆ ಇಲ್ಲ. ಸ್ಟೆಪ್ನಿ ಬೇರೆ ಅಳತೆಯದಾದರೆ ಗೇರುಗಳ ಮೇಲೆ ಸುಮ್ನೆ ಒತ್ತಡ ಬೀಳುತ್ತದೆ.

ಇನ್ನೊಂದು, ಟೈರ್ ತಗೊಳ್ಳುವಾಗ ಪಕ್ಕೆಯ ಮೇಲಿನ ನಾಲ್ಕು ಅಂಕಿ ನೋಡಿ. ನನಗೆ ಮೊದಲು ಇಳಿಸಿದ ಸೆಟ್‌ನಲ್ಲಿ 0821 ಅಂತಿತ್ತು. ಅಂದರೆ 2021ರ 8ನೇ ವಾರದ್ದು, ಮೂರು ವರ್ಷ ಹಳೆಯದು. ಕೇಳಿದ ಮೇಲೆ ಬೇರೆ ತಂದುಕೊಟ್ಟರು.

ಬಳಕೆ ಹೇಗಿದೆ? ಆ ಏರಿನಲ್ಲಿ ಮತ್ತೆ ಒಂದು ಸಲವೂ ನಿಂತಿಲ್ಲ. ಆದರೆ ಅದರಲ್ಲಿ ಅರ್ಧ ಪುಣ್ಯ ಗಾಳಿಗೆ ಸೇರಬೇಕು. ಡಾಂಬರಿನಲ್ಲಿ 28 ಪಿಎಸ್‌ಐ ಇಡುತ್ತೇನೆ. ಜೋರು ಮಳೆ ಬಿದ್ದ ದಿನ ಹಳ್ಳದ ಹತ್ತಿರ ನಿಲ್ಲಿಸಿ, ವಾಲ್ವಿನ ಪಿನ್ ಒತ್ತಿ 18ಕ್ಕೆ ಇಳಿಸುತ್ತೇನೆ. ಬುಸ್ಸೆಂದು ಗಾಳಿ ಹೋಗುತ್ತಿದ್ದ ಹಾಗೆ ಟೈರಿನ ಕೆಳಭಾಗ ಸ್ವಲ್ಪ ಉಬ್ಬಿ ನೆಲಕ್ಕೆ ಅಂಟಿ ಕೂರುತ್ತದೆ. ಆಮೇಲೆ ಹತ್ತುವುದು ನೋಡಬೇಕು! ಮನೆ ತಲುಪಿದ ಕೂಡಲೇ ಪಂಪ್ ಹಚ್ಚಿ ಮತ್ತೆ ತುಂಬಬೇಕು, ಕಡಿಮೆ ಗಾಳಿಯಲ್ಲಿ ಹೈವೇಗೆ ಹೋಗಲೇಬಾರದು.

ಕಳೆದುಕೊಂಡದ್ದೂ ಇದೆ. ಮೈಲೇಜ್ ಹದಿನಾಲ್ಕೂವರೆ ಬರುತ್ತಿದ್ದದ್ದು ಹದಿಮೂರಕ್ಕೆ ಇಳಿಯಿತು. 80 ದಾಟಿದ ಮೇಲೆ ಗುಂಯ್ ಅನ್ನುವ ಸದ್ದು ಶುರು. ಗೀರುಗಳಲ್ಲಿ ಜಲ್ಲಿಕಲ್ಲು ಸಿಕ್ಕಿಕೊಂಡು ಟಕಟಕ ಅನ್ನುತ್ತದೆ, ಸಂಜೆ ಸ್ಕ್ರೂಡ್ರೈವರ್ ಹಿಡಿದು ಕಿತ್ತು ತೆಗೆಯುತ್ತೇನೆ. ಕಳೆದ ವರ್ಷ ಕಡಿದ ಕಾಫಿ ಗಿಡದ ಮೋಟು ಚುಚ್ಚಿ ಒಂದು ಟೈರಿನ ಪಕ್ಕೆಯೇ ಹರಿಯಿತು. ಪಕ್ಕೆಗೆ ಪಂಕ್ಚರ್ ಹಾಕಿ ಓಡಿಸುವ ಹಾಗಿಲ್ಲ, ಹೊಸದೇ ತರಬೇಕಾಯಿತು. ಅದೀಗ ಸ್ಟೆಪ್ನಿ. ಉಳಿದ ನಾಲ್ಕನ್ನು 8,000 ಕಿಲೋಮೀಟರಿಗೊಮ್ಮೆ ಹಿಂದೆಮುಂದೆ ಮಾಡಿಸುತ್ತಿದ್ದೇನೆ. ಮೊನ್ನೆ ಅಳೆದಾಗ ಗೀರಿನ ಆಳ 6 ಮಿ.ಮೀ. ಇತ್ತು. ಡಾಂಬರಿಗೆ ಇನ್ನೂ ಧಾರಾಳ, ಕೆಸರಿಗೆ ಮುಂದಿನ ಮಳೆಗಾಲ ಒಂದು ಹೇಗೋ ಆಗಬಹುದು. ಆಮೇಲೆ ಇದೇ ಅಳತೆ, ಇದೇ ಎ/ಟಿ ಮತ್ತೆ ಹಾಕಿಸುತ್ತೇನೆ.