ಪಾರ್ಕಿನ್ಸನ್ ಅನುಮಾನ: ಎಂಆರ್‌ಐ ಮಾಡಿಸಬೇಕಾ, ಡ್ಯಾಟ್ ಸ್ಕ್ಯಾನಾ?

ಅಪ್ಪನ ಕೈ ನಡುಗುತ್ತಿದೆ, ನಡಿಗೆ ನಿಧಾನವಾಗಿದೆ, ಯಾವ ಸ್ಕ್ಯಾನ್ ಮಾಡಿಸೋಣ ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಪಾರ್ಕಿನ್ಸನ್ ಎಂಬ ಈ ನರರೋಗವನ್ನು ಗುರುತಿಸುವುದು ಮುಖ್ಯವಾಗಿ ನರರೋಗ ತಜ್ಞರು ಕೈಯಾರೆ ಮಾಡುವ ಪರೀಕ್ಷೆಯಿಂದ. ಸ್ಕ್ಯಾನ್ ಅದಕ್ಕೆ ಜೊತೆ ಕೊಡುತ್ತದೆ, ಅಷ್ಟೆ.

ಎಂಆರ್‌ಐ ತೋರಿಸುವುದು ಮಿದುಳಿನ ರಚನೆಯನ್ನು. ಪಾರ್ಕಿನ್ಸನ್ ಇದ್ದರೂ ಮಾಮೂಲಿ ಎಂಆರ್‌ಐ ನಾರ್ಮಲ್ ಬರುವುದೇ ಜಾಸ್ತಿ. ಹಾಗಾದರೆ ಸುಮ್ನೆ ದುಡ್ಡು ದಂಡ ಅಲ್ವಾ? ಖಂಡಿತ ಅಲ್ಲ. ಸಣ್ಣ ಸಣ್ಣ ಸ್ಟ್ರೋಕ್, ಗೆಡ್ಡೆ, ಮಿದುಳಿನಲ್ಲಿ ನೀರು ತುಂಬಿಕೊಳ್ಳುವುದು, ಇವೂ ನಡಿಗೆ ಕೆಡಿಸುತ್ತವೆ. ಅವೆಲ್ಲ ಇಲ್ಲಿ ಗೊತ್ತಾಗುತ್ತವೆ. ಪಾರ್ಕಿನ್ಸನ್ ಅನ್ನೇ ಹೋಲುವ ಪಿಎಸ್‌ಪಿ ಕಾಯಿಲೆಯಲ್ಲಿ ನಡುಮಿದುಳು ಸವೆದಿರುವುದೂ ಕಾಣಬಹುದು. ಹೆಚ್ಚು ಶಕ್ತಿಯ ಅಯಸ್ಕಾಂತವಿರುವ 3 ಟೆಸ್ಲಾ ಎಂಆರ್‌ಐ ಯಂತ್ರದಲ್ಲಿ ಎಸ್‌ಡಬ್ಲ್ಯುಐ ಎಂಬ ವಿಶೇಷ ಬಗೆಯ ಚಿತ್ರ ತೆಗೆದರೆ ಇನ್ನೊಂದು ಸುಳಿವು ಸಿಗುತ್ತದೆ: ಆರೋಗ್ಯವಂತರಲ್ಲಿ ಕಾಣುವ 'ಸ್ವಾಲೋ ಟೇಲ್' (ಹಕ್ಕಿಯ ಕವಲು ಬಾಲದಂಥ) ಗುರುತು ಪಾರ್ಕಿನ್ಸನ್ ಇದ್ದವರಲ್ಲಿ ಸಾಮಾನ್ಯವಾಗಿ ಮಾಯವಾಗಿರುತ್ತದೆ. ಅದನ್ನು ಓದಲು ಪಳಗಿದ ಕಣ್ಣು ಬೇಕು. ತಲೆ ಅಲುಗಿದರೆ ಚಿತ್ರವೇ ಕೆಡುತ್ತದೆ. ವಿಕಿರಣದ ಭಯವಿಲ್ಲ, ಆದರೆ ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ.

ಡ್ಯಾಟ್ ಸ್ಕ್ಯಾನ್ ನೋಡುವುದು ಮಿದುಳಿನಲ್ಲಿ ಚಲನೆಗೆ ನೆರವಾಗುವ ಡೋಪಮಿನ್ ಎಂಬ ರಾಸಾಯನಿಕದ ನರತುದಿಗಳನ್ನು. ನಮ್ಮ ದೇಶದಲ್ಲಿ ಇದರ ಟ್ರೋಡ್ಯಾಟ್ ಬಗೆಯೂ ಬಳಕೆಯಲ್ಲಿದೆ. ಸ್ವಲ್ಪ ವಿಕಿರಣವಿರುವ ಇಂಜೆಕ್ಷನ್ ಕೊಟ್ಟು ಕೆಲವು ಗಂಟೆ ಕಾಯಿಸುತ್ತಾರೆ. ಬರೀ ನಡುಕದ ಕಾಯಿಲೆಯೋ ಪಾರ್ಕಿನ್ಸನ್ನೋ ಎಂಬ ಗೊಂದಲಕ್ಕೆ ಇದೇ ಮೇಲು. ಆದರೆ ಪಿಎಸ್‌ಪಿಯಲ್ಲೂ ಪಾರ್ಕಿನ್ಸನ್‌ನಲ್ಲಿ ಬರುವಂತೆ ಅಸಹಜ ಚಿತ್ರವೇ ಬರುವುದರಿಂದ ಅವೆರಡನ್ನು ಬೇರ್ಪಡಿಸಲಾರದು.

ಮೇಲಿಂದ ಮೇಲೆ ಬೀಳುತ್ತಿದ್ದರೆ, ಕಾಯಿಲೆ ಬೇಗ ಏರುತ್ತಿದ್ದರೆ ನನ್ನ ಪ್ರಕಾರ ಎಂಆರ್‌ಐ ಮೊದಲು. ಲಕ್ಷಣ ಸ್ಪಷ್ಟವಿದ್ದು ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆಗೆ ಚೆನ್ನಾಗಿ ಸುಧಾರಿಸಿದವರಿಗೆ ಡ್ಯಾಟ್ ಸಾಮಾನ್ಯವಾಗಿ ಬೇಕಾಗುವುದಿಲ್ಲ.